ಗಂಟು ಹಮೀದುನ್ನೀಸಾಳದು

"ಅವ್ವಾ, ಹಮೀದಾ ಖಾಲಾ ಈಗೀಗ ನನ್ನ ಯಾಕ ಎತ್ಕೊಳ್ಳಂಗಿಲ್ಲ?" ಎಂದು ಮಗಳು ಶಾರವ್ವ ಇವತ್ತು ಕೇಳಿದಳು. ಕೈ ನೋವೈತಿ ಎಂದೆ. ಅಷ್ಟು ಸಣ್ಣ ಕೂಸಿಗೆ ಅದು ಸಾಕು. ಉಳಿದದ್ದನ್ನು ಇಲ್ಲಿ ಬರೆದಿಡುತ್ತೇನೆ.

ಹಮೀದುನ್ನೀಸಾ ನಮ್ಮ ಪಕ್ಕದ ಮನೆಯಾಕೆ. ಸವಣೂರಿನ ಎಷ್ಟೋ ಕೂಸುಗಳ ತಲೆಯ ಮೇಲೆ ಅವಳು ಹೊಲಿದ ಕುಂಚಿಗೆ ಇದೆ. ಈ ಯುದ್ಧದ ತುಟ್ಟಿಯಲ್ಲಿ ಹೊಸ ಬಟ್ಟೆ ಸಿಗದಿದ್ದರೆ ಹಳೆ ಸೀರೆ ಕತ್ತರಿಸಿಯಾದರೂ ಹೊಲಿದುಕೊಡುತ್ತಾಳೆ. ಗಂಡ ದಸ್ತಗೀರಸಾಬರು ವೀಳ್ಯದೆಲೆ ವ್ಯಾಪಾರಿ, ಸಾಧು ಮನುಷ್ಯ.

ಹೋದ ಮುಂಗಾರಿನಲ್ಲಿ ಅವಳ ಎಡಮೊಲೆಯಲ್ಲಿ ಹುಣಸೆ ಬೀಜದಷ್ಟು ಗಂಟು ಕೈಗೆ ಹತ್ತಿತು. ನೋವಿರಲಿಲ್ಲ. ಪರಗಂಡಸರಿಗೆ ಮುಖ ತೋರದ ಗೋಷಾದ ಹೆಂಗಸು ದವಾಖಾನೆಗೆ ಹೋಗುವ ರೂಢಿ ಅವರಲ್ಲಿಲ್ಲ. ಗಂಡನೇ ಹೋಗಿ ಜಡ್ಡು ಹೇಳಿ ಔಷಧ ತರಬೇಕು. ಎಲ್ಲಿ, ಎಷ್ಟು ದೊಡ್ಡದು ಎಂದು ಬಿಡಿಸಿ ಹೇಳಿ ಕಳಿಸಿದಳು. ಅವರು ಎಣ್ಣೆ ತಂದರು. ಮಳೆಗಾಲ, ಚಳಿಗಾಲ ಎರಡೂ ಅದನ್ನೇ ಗಂಟಿನ ಮೇಲೆ ತಿಕ್ಕಿದಳು. ಅದು ನಿಂಬೆಕಾಯಿಯಷ್ಟಾಯಿತು, ಕೈ ಮೇಲೇಳದಾಯಿತು.

ಹೋದ ವಾರ ನನ್ನೆದುರೇ ಗಂಡನನ್ನು ಹಿಡಿದು ಕೇಳಿದಳು: "ಡಾಕ್ಟರಿಗೆ ನೀವು ಏನಂತ ಹೇಳಿದ್ರಿ?"

ಅವರು ನೆಲ ನೋಡಿದರು. "ತೋಳು ನೋವು ಅಂದೆ. ಪರಪುರುಷನ ಮುಂದ ಮತ್ತೇನ ಹೇಳ್ಲಿ?"

"ಎಲಿ ಮಾರಾಕ ಪುಣೆ ಮಟ ನಾಲಿಗಿ ಓಡತೈತಿ. ಹೆಂಡ್ತಿ ಜಡ್ಡಿಗೆ ಓಣಿ ದಾಟಲಿಲ್ಲ, ಹೌದಿಲ್ರಿ?"

ಮರುದಿನ ಬುರ್ಖಾ ಹಾಕಿಕೊಂಡು ತಾನೇ ಹೊರಟಳು. ಗಂಡ ಹಿಂದೆ, ನಾನು ಜೊತೆಗೆ. ಡಾಕ್ಟರು ನಡುವೆ ಪರದೆ ಕಟ್ಟಿಸಿ, ನಾಡಿ ನೋಡಲು ಕೈ ಚಾಚಬೇಕೆಂದರು. ಇವಳು ಪರದೆಯನ್ನೇ ಸರಿಸಿದಳು. "ಜಡ್ಡು ಕೈಯಾಗ ಇಲ್ರಿ, ಇಲ್ಲೈತಿ."

ಅವರು ಗಂಟನ್ನೂ ಕಂಕುಳನ್ನೂ ಒತ್ತಿ ನೋಡಿದರು. ಮುಖ ಸಣ್ಣದಾಯಿತು. ದಸ್ತಗೀರಸಾಬರನ್ನು ಹೊರಗೆ ಕಟ್ಟೆಗೆ ಕರೆದು ಮೆಲ್ಲಗೆ ಮಾತಾಡತೊಡಗಿದರು. ಒಳಗಿನಿಂದ ಇವಳು ಕೂಗಿದಳು: "ಡಾಕ್ಟರ್ ಸಾಹೇಬ್ರ, ಗಂಟು ನಂದು. ಮಾತು ನನ್ನ ಮುಂದ ಆಡ್ರಿ."

ಅವರು ಒಳಗೆ ಬಂದು ಹೇಳಿದರು: ಮಿರಜದ ದೊಡ್ಡ ದವಾಖಾನೆಗೆ ಹೋಗಿ ಕೊಯ್ಯಿಸಬೇಕು; ಕಂಕುಳಿಗೂ ಇಳಿದಿದೆ, ಕೊಯ್ಯಿಸಿದರೂ ತಿರುಗಿ ಬರಬಹುದು.

"ಕೊಯ್ಸದಿದ್ರ?"

"ಒಡದು ಹುಣ್ಣಾಗತೈತಿ. ಭಾಳ ನೋವು."

"ಕೊಯ್ಸಿದ್ರ ಎಷ್ಟ ದಿನ ಇರ್ತೇನಿ?"

"ವರ್ಷ ಆಗಬಹುದು, ಎರಡಾಗಬಹುದು. ಖರೇ ಅಂದ್ರ ನನಗ ಗೊತ್ತಿಲ್ಲವ್ವಾ."

"ಗೊತ್ತಿಲ್ಲ ಅಂದ್ರಲ್ಲ, ಈಗ ನಿಮ್ಮ ಮಾತು ನಂಬತೇನಿ. ಕೊಯ್ಸೂಣು."

ದಸ್ತಗೀರಸಾಬರು ಬಾಗಿಲ ಹೊರಗೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದರು.

ನಾಳೆ ಯಲವಿಗಿ ಸ್ಟೇಶನ್ನಿನಿಂದ ಮಿರಜಕ್ಕೆ ರೈಲು. ಶಾರವ್ವನನ್ನು ಅತ್ತೆಯ ಹತ್ತಿರ ಬಿಟ್ಟು ನಾನೂ ಹೋಗುವುದೆಂದಾಗಿದೆ. ಸಂಜೆ ಅವಳ ಬಟ್ಟೆ ಗಂಟು ಕಟ್ಟಲು ಹೋದಾಗ ನನ್ನ ಕೈ ಹಿಡಿದು ಕೂಡಿಸಿಕೊಂಡಳು.

"ಔಷಧಾ ಮೂಸಿಸಿ ಮಲಗಸ್ತಾರಂತ. ಆವಾಗ ನನಗ ಕೇಳಾಕ ಆಗಂಗಿಲ್ಲ. ಡಾಕ್ಟರು ಇವರನ್ನ ಹೊರಗ ಕರದು ಹೇಳ್ತಾರ, ಇವರು ಬಂದು ನನಗ ಹಗೂರ ಮಾಡಿ ಹೇಳ್ತಾರ. ನೀ ಇವರ ಬಾಜೂಕ ನಿಂದ್ರು, ತಂಗಿ. ಅಲ್ಲಿ ಏನ ಆಡಿದ್ರೂ, ನಾ ಎಚ್ಚರಾದ ಕೂಡ್ಲೆ ಇದ್ದದ್ದು ಇದ್ದಂಗ ಹೇಳು. ಅಳು ಬಂದ್ರ ಅಳು, ಆದ್ರ ಒಂದ ಮಾತೂ ಬಿಡಬ್ಯಾಡ."