ಜಯಂತಿಯ ಬಲತೋಳು

ಜಯಂತಿ ಯಾರಿಗೂ ಮೋಸ ಮಾಡಲಿಲ್ಲ. ಮಾಡಿದವನು ನಾನು, ಅವಳ ಅಣ್ಣ. ಅವಳಿಗೆ ಫಿಟ್ಸ್ ಬರುತ್ತಿದ್ದುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆಪರೇಷನ್ ಮಾಡುವ ಡಾಕ್ಟರಿಗೆ ಇಲ್ಲವೆಂದೆ. ಆಮೇಲೆ, ಸುಳ್ಳು ಬಯಲಾದಾಗ, ಅದನ್ನು ಅವಳ ತಲೆಗೆ ಕಟ್ಟಿದೆ. ನಮ್ಮ ನೆಂಟರಲ್ಲಿ ಇವತ್ತಿಗೂ ‘ಕಾಯಿಲೆ ಮುಚ್ಚಿಟ್ಟ ಹುಡುಗಿ’ ಎಂದರೆ ಅವಳೇ. ಹೇಳಬೇಕಾದ್ದು ಇಷ್ಟೇ. ಆದರೆ ನಾಲ್ಕು ಸಾಲಿನಲ್ಲಿ ಹೇಳಿ ಎದ್ದುಹೋಗುವುದೂ ತಪ್ಪಿಸಿಕೊಳ್ಳುವ ಒಂದು ದಾರಿ — ಆದ್ದರಿಂದ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಾನು ಹಳೇಬೀಡಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಭುಜದ ಕೀಲನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ತೋಳಿನ ಮೂಳೆಯ ತುದಿ ಗುಂಡಗೆ, ಅದು ಕೂರುವ ಬಟ್ಟಲು ಆಳವಿಲ್ಲದ್ದು. ಎಲ್ಲ ಕಡೆಗೂ ತಿರುಗುವ ಕೀಲು ಅದು, ಅದಕ್ಕೇ ಬೇಗ ಜಾರುವ ಕೀಲೂ ಹೌದು. ಮಿದುಳಿನ ಪಾಠವೂ ನನ್ನದೇ. ಫಿಟ್ಸ್ ಎಂದರೆ ಗಾಳಿ ಮೆಟ್ಟುವುದಲ್ಲ, ಕಾಯಿಲೆ, ಮಾತ್ರೆಗೆ ಬಗ್ಗುತ್ತದೆ ಎಂದು ಹೇಳುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಮನೆಗೆ ಬಂದರೆ ನನ್ನ ಪಾಠ ಬೇರೆಯೇ ಇತ್ತು.

ಜಯಂತಿಗೆ ಅದು ಬರುತ್ತಿದ್ದುದು ಬೆಳಗಿನ ಜಾವ, ನಿದ್ದೆಯಲ್ಲಿ. ಕಬ್ಬಿಣ ಹಿಡಿದರೆ ನಿಲ್ಲುತ್ತದೆಂದು ಅಮ್ಮ ಅವಳ ಕೈಗೆ ಬೀಗದ ಕೈ ಗೊಂಚಲು ತುರುಕುತ್ತಿದ್ದರು. ನಾನು ಅವಳ ಎರಡೂ ತೋಳು ಹಿಡಿದು ಚಾಪೆಗೆ ಒತ್ತುತ್ತಿದ್ದೆ. ಹಾಗೆ ಒತ್ತಬಾರದೆಂದು ಗೊತ್ತಿತ್ತೋ ಇಲ್ಲವೋ — ಗೊತ್ತಿತ್ತೆಂದೇ ಕಾಣುತ್ತದೆ. ಪಕ್ಕದ ಮನೆಗೆ ಸದ್ದು ಕೇಳಬಾರದು ಎಂಬುದೊಂದೇ ಆಗ ತಲೆಯಲ್ಲಿದ್ದದ್ದು. ಹಾಗೆ ಒತ್ತಿ ಹಿಡಿದ ಒಂದು ಬೆಳಿಗ್ಗೆ ಅವಳ ಬಲಭುಜ ಜಾರಿತು. ಬಚ್ಚಲಲ್ಲಿ ಬಿದ್ದಳು ಎಂದೆವು. ಆಮೇಲೆ ಭುಜ ಜಾರುವುದು ಮಾಮೂಲಾಯಿತು. ಅದಕ್ಕೆ ಫಿಟ್ಸೇ ಬರಬೇಕೆಂದಿರಲಿಲ್ಲ. ಮೇಲಿನ ಗೂಡಿನಿಂದ ಡಬ್ಬ ಇಳಿಸಿದರೂ, ಜಡೆ ಹಾಕಿಕೊಳ್ಳಲು ಕೈ ಹಿಂದಕ್ಕೆ ತಂದರೂ ಸಾಕು. ‘ಮೇಷ್ಟ್ರೇ, ಆ ಬಚ್ಚಲು ಒಸಿ ಉಜ್ಜಿಸ್ರೀ’ ಎಂದು ಟೀ ಅಂಗಡಿಯಲ್ಲಿ ರೇಗಿಸುತ್ತಿದ್ದರು. ನಾನೂ ಅವರ ಜೊತೆ ನಗುತ್ತಿದ್ದೆ.

ಶಿವಮೊಗ್ಗದ ಡಾಕ್ಟರೊಬ್ಬರು ಬರೆದುಕೊಟ್ಟ ಮಾತ್ರೆ ಇತ್ತು. ತಪ್ಪದೆ ನುಂಗಿದರೆ ತಿಂಗಳುಗಟ್ಟಲೆ ಏನೂ ಆಗುತ್ತಿರಲಿಲ್ಲ. ಅದನ್ನು ಹಳೇಬೀಡಿನಲ್ಲಿ ಕೊಳ್ಳುವಂತಿರಲಿಲ್ಲ, ಬೇಲೂರಿನಲ್ಲೂ ಕೊಳ್ಳುವಂತಿರಲಿಲ್ಲ; ಎರಡೂ ಕಡೆ ಮೆಡಿಕಲ್ ಸ್ಟೋರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿದ್ದರು. ಬಸ್ಸು ಹತ್ತಿ ಅರಸೀಕೆರೆಗೆ ಹೋಗಿ, ಗುರುತಿಲ್ಲದ ಅಂಗಡಿಯಲ್ಲಿ ತರುತ್ತಿದ್ದೆ. ಒಮ್ಮೊಮ್ಮೆ ಶಾಲೆಯ ಕೆಲಸದಲ್ಲಿ ಹೋಗಲಾಗದೆ ಮಾತ್ರೆ ತಪ್ಪುತ್ತಿತ್ತು. ತಪ್ಪಿದಾಗಲೆಲ್ಲ ಫಿಟ್ಸ್ ಬರುತ್ತಿತ್ತು, ಭುಜ ಜಾರುತ್ತಿತ್ತು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಹಾರನಹಳ್ಳಿಯಿಂದ ಸಂಬಂಧ ಬಂತು. ಹುಡುಗ ಸಾಧು, ಸಂಬಳದ ಕೆಲಸ. ಜಯಂತಿಗೂ ಇಷ್ಟವಾಗಿದ್ದ, ಅವಳು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವನ ಫೋಟೋ ಅವಳ ಪೆಟ್ಟಿಗೆ ಸೇರಿತ್ತು. ಭುಜದ ವಿಷಯ ಅವರಿಗೆ ಹೇಳಿದೆವು — ಬಚ್ಚಲ ಕಥೆಯನ್ನೇ. ‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾವು ಹೇಳ್ತಿರೋದು ಒಂದೇ ಅಲ್ವೇನೋ’ ಎಂದರು ಅಮ್ಮ. ಹುಡುಗನ ದೊಡ್ಡಪ್ಪ ಬಲು ಒಳ್ಳೆಯ ಮನುಷ್ಯ. ‘ಮದ್ವೆಗ್ ಮುಂಚೇನೇ ಆಪ್ರೇಸನ್ ಮಾಡ್ಸಿಬುಡಾನ ಮೇಷ್ಟ್ರೇ. ಹಾಸ್ನದಲ್ಲಿ ನಂಗೊತ್ತಿರೋ ಡಾಕ್ಟ್ರು ಅವ್ರೆ’ ಎಂದು ತಾವೇ ಜೊತೆಗೆ ಬಂದರು.

ಹಾಸನದ ಆ ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ‘ಬಟ್ಟಲಿನ ಮುಂದಿನ ಅಂಚು ಚೆನ್ನಾಗಿ ಸವೆದುಹೋಗಿದೆ. ಹರಿದಿರೋ ಪೊರೆ ಬರೀ ಹೊಲಿದ್ರೆ ನಿಲ್ಲೋದಿಲ್ಲ. ಸೊಂಟದ ಮೂಳೆಯಿಂದ ಒಂದು ತುಂಡು ತೆಗೆದು ಆ ಅಂಚಿಗೆ ಸ್ಕ್ರೂ ಹಾಕಿ ಕೂರಿಸ್ಬೇಕು. ಅದು ಬೆಸೆದುಕೊಳ್ಳೋವರೆಗೂ ಭುಜ ಅದುರಬಾರದು’ ಎಂದರು. ಆಮೇಲೆ ಜಯಂತಿಯ ಕಡೆ ತಿರುಗಿದರು. ‘ಬಚ್ಚಲಲ್ಲಿ ಜಾರಿದ್ದಕ್ಕೆ ಇಷ್ಟು ಸವೆಯೋದಿಲ್ಲಮ್ಮ. ಫಿಟ್ಸ್ ಏನಾದ್ರೂ ಬರುತ್ತಾ?’

ಕೇಳಿದ್ದು ಅವಳನ್ನು. ಆದರೆ ನಮ್ಮ ಕಡೆ ಡಾಕ್ಟರ ಮುಂದೆ ಹೆಣ್ಣುಮಕ್ಕಳು ಉತ್ತರ ಹೇಳುವುದಿಲ್ಲ, ಕರೆತಂದವರು ಹೇಳುತ್ತಾರೆ. ಅವಳು ನನ್ನ ಮುಖ ನೋಡಿದಳು.

‘ಇಲ್ಲ ಸರ್. ನಮ್ಮ ವಂಶದಲ್ಲೇ ಇಲ್ಲ’ ಎಂದೆ.

ಹುಡುಗನ ದೊಡ್ಡಪ್ಪ ಪಕ್ಕದ ಕುರ್ಚಿಯಲ್ಲೇ ಇದ್ದರಲ್ಲ, ಅವರೆದುರು ಹೇಗೆ ಹೇಳಲಿ — ಎಷ್ಟೋ ವರ್ಷ ಹೀಗೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಸುಳ್ಳು. ಆಪರೇಷನ್ನಿನ ದಿನ ಅರಿವಳಿಕೆ ಕೊಡುವ ಡಾಕ್ಟರು ವರಾಂಡದಲ್ಲಿ ನನ್ನನ್ನು ನಿಲ್ಲಿಸಿ ಅದೇ ಪ್ರಶ್ನೆ ಕೇಳಿದರು. ದಿನಾ ನುಂಗುವ ಮಾತ್ರೆ ಏನಾದರೂ ಇದೆಯೇ ಎಂದೂ ಕೇಳಿದರು. ಆಗ ಬೀಗರು, ಅದೇ ದೊಡ್ಡಪ್ಪ, ಕಾಫಿಗೆ ಹೋಗಿದ್ದರು. ಅಲ್ಲಿ ಇದ್ದವರು ನಾವಿಬ್ಬರೇ. ಆಗಲೂ ಇಲ್ಲವೆಂದೆ. ನರ್ಸು ಕಂಡಾರೆಂದು ಜಯಂತಿಯ ಚೀಲದಿಂದ ಮಾತ್ರೆಯ ಸ್ಟ್ರಿಪ್ಪನ್ನು ಆಗಲೇ ತೆಗೆದಿಟ್ಟುಕೊಂಡಿದ್ದೆ. ನಾಲ್ಕಾರು ದಿನ ಮಾತ್ರೆಯಿಲ್ಲದಿದ್ದರೆ ಏನೂ ಆಗದು ಎಂಬುದು ವಿಜ್ಞಾನದ ಮೇಷ್ಟ್ರ ಲೆಕ್ಕ.

ಆಪರೇಷನ್ ಚೆನ್ನಾಗಿಯೇ ಆಯಿತು. ಮೂರನೆಯ ಬೆಳಿಗ್ಗೆ, ವಾರ್ಡಿನಲ್ಲಿ ಎಲ್ಲರ ಕಣ್ಣೆದುರಿಗೆ ಅವಳಿಗೆ ಫಿಟ್ಸ್ ಬಂತು. ಬೀಗರು ಎಳನೀರು ಹಿಡಿದು ಆಗತಾನೆ ಒಳಗೆ ಬಂದಿದ್ದರು. ಪಟ್ಟಿ ಕಟ್ಟಿದ್ದ ತೋಳು ಪಟ್ಟಿಯ ಒಳಗೇ ಅದುರಿತು. ಎಕ್ಸ್‌ರೇ ತೆಗೆದರು. ಸ್ಕ್ರೂ ಬಾಗಿತ್ತು, ಕೂರಿಸಿದ್ದ ಮೂಳೆಯ ತುಂಡು ಕಿತ್ತು ಬಂದಿತ್ತು.

ಡಾಕ್ಟರು ಕೂಗಾಡಲಿಲ್ಲ. ‘ಫಿಟ್ಸ್ ಇದ್ದೋರಿಗೂ ಈ ಆಪರೇಷನ್ ಮಾಡ್ತೀವಿ. ಮಾತ್ರೆಯಿಂದ ಹತೋಟಿಗೆ ತಂದು ಮಾಡ್ತೀವಿ, ಅಷ್ಟೇ. ಒಂದು ಮಾತು ಹೇಳ್ಬಹುದಿತ್ತಲ್ಲ’ ಎಂದು ನನ್ನನ್ನು ನೋಡಿದರು. ಬೀಗರೂ ನನ್ನನ್ನೇ ನೋಡುತ್ತಿದ್ದರು. ಆಗ ನಾನು ಆಡಿದ ಮಾತು ಇದು:

‘ನಮಗೂ ಗೊತ್ತಿರ್ಲಿಲ್ಲ ಸರ್. ನಮ್ಮ ಹತ್ರಾನೂ ಮುಚ್ಚಿಟ್ಟಿದ್ಲು.’

ಮಂಚದ ಪಕ್ಕದಲ್ಲಿದ್ದ ಅಮ್ಮ ತಲೆ ತಗ್ಗಿಸಿದರು. ಜಯಂತಿಗೆ ಅಷ್ಟುಹೊತ್ತಿಗೆ ಎಚ್ಚರವಾಗಿತ್ತು. ಕಣ್ಣು ತೆರೆದೇ ಇತ್ತು. ಹುಡುಗನ ದೊಡ್ಡಪ್ಪ ಎಳನೀರನ್ನು ಮಂಚದ ಕೆಳಗಿಟ್ಟು ಅವಳಿಗೇ ಹೇಳಿದರು — ‘ಕಾಯ್ಲೆ ಯಾರ್ಗ್ ಬರಾಕಿಲ್ಲ? ನೀನು ಬಾಯ್ಬುಟ್ಟು ಹೇಳ್ಬೇಕಿತ್ತು ಕಣವ್ವ.’ ಆಮೇಲೆ ಅವರು ಬರಲಿಲ್ಲ. ಸಂಬಂಧ ಮುರಿದ ಕಾರಣ ಅರಸೀಕೆರೆಯಿಂದ ಬೇಲೂರಿನವರೆಗೆ ಇದ್ದ ನೆಂಟರಿಗೆಲ್ಲ ತಲುಪಿತು, ನಾನು ಹೇಳಿದ ರೂಪದಲ್ಲೇ. ಮತ್ತೆ ಯಾರೂ ಹೆಣ್ಣು ಕೇಳಿಕೊಂಡು ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಬೆಂಗಳೂರಿನಲ್ಲಿ ಇನ್ನೊಮ್ಮೆ ಆಪರೇಷನ್ ಆಯಿತು. ಈ ಸಲ ಸೊಂಟದ ಇನ್ನೊಂದು ಪಕ್ಕದ ಮೂಳೆ. ಡಾಕ್ಟರು ಕೇಳುವ ಮೊದಲೇ ಜಯಂತಿ ತಾನೇ ಎಲ್ಲವನ್ನೂ ಹೇಳಿದಳು. ನನ್ನನ್ನು ಹೊರಗೆ ಕೂರಿಸಿ ಹೇಳಿದಳು. ಭುಜ ಈಗ ಜಾರುವುದಿಲ್ಲ, ಆದರೆ ತೋಳು ಭುಜದ ಮಟ್ಟದಿಂದ ಮೇಲೆ ಏಳುವುದಿಲ್ಲ. ಬಸ್ತಿಹಳ್ಳಿಯಲ್ಲಿ ಅಂಗನವಾಡಿ ಟೀಚರಾಗಿದ್ದಾಳೆ. ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆಯುತ್ತಾಳೆ. ಮಾತ್ರೆಯನ್ನು ಹಳೇಬೀಡಿನ ಅಂಗಡಿಯಲ್ಲೇ, ಹೆಸರು ಹೇಳಿ ಕೇಳಿ ತರುತ್ತಾಳೆ. ಫಿಟ್ಸ್ ಬಂದು ವರ್ಷಗಳಾದವು.

ಅಮ್ಮ ಹೋದ ಮೇಲೆ ಇದನ್ನೆಲ್ಲ ಬರೆದು, ಮೊದಲು ಅವಳಿಗೆ ಓದಿ ಹೇಳಿದೆ. ಹೆಸರು ಬದಲಾಯಿಸಲೇ ಎಂದು ಕೇಳಿದೆ. ‘ಕೆಟ್ಟ ಹೆಸರು ಬಂದಿದ್ದು ಈ ಹೆಸ್ರಿಗೇ ತಾನೆ? ಇದೇ ಇರ್ಲಿ’ ಎಂದಳು. ವಾರ್ಡಿನಲ್ಲಿ ಆದದ್ದನ್ನು ಹೇಳುವ ಜಾಗದಲ್ಲಿ ನಾನು ಒಂದು ವಾಕ್ಯ ಬರೆದಿದ್ದೆ: ‘ಮೊದಲಿನಿಂದ ಕೊನೆಯವರೆಗೂ ಜಯಂತಿ ಒಂದು ಮಾತೂ ಆಡಲಿಲ್ಲ, ಅವಳ ಮೌನವೇ ನನ್ನನ್ನು ಉಳಿಸಿತು.’ ವಾಕ್ಯ ಚೆನ್ನಾಗಿ ಬಂದಿದೆ ಎಂದು ನನಗೆ ಒಳಗೊಳಗೇ ಅನಿಸಿತ್ತು. ಓದುತ್ತಾ ಅಲ್ಲಿಗೆ ಬಂದಾಗ ಅವಳು ತಡೆದಳು.

‘ಅದನ್ನ ಹೊಡೆದು ಹಾಕಣ್ಣ. ನಾನು ಸುಮ್ನಿರ್ಲಿಲ್ಲ. ಆಪರೇಷನ್ ಆದ ಸಂಜೆ ಮಾತ್ರೆ ಕೊಡು ಅಂತ ಕೇಳ್ದೆ. ಮಾರನೇ ದಿನ, ಭಯ ಆಗ್ತಿದೆ ಕಣಣ್ಣ, ಕೊಡು ಅಂತ ಮತ್ತೆ ಕೇಳ್ದೆ. ಸುಮ್ನೆ ಮಲ್ಕೋ, ಬೀಗರು ಬರೋ ಹೊತ್ತು ಅಂದೆ ನೀನು.’

ನೆನಪಿಲ್ಲ ಎನ್ನಲು ಬಾಯಿ ತೆರೆದೆ. ನೆನಪಿತ್ತು — ಅವಳು ಹೇಳಿದ ಕೂಡಲೇ ಅಲ್ಲ, ಮೊದಲಿನಿಂದಲೂ ಇತ್ತು.

ಆ ವಾಕ್ಯವನ್ನು ಹೊಡೆದು ಹಾಕಿದ್ದೇನೆ. ಅವಳು ಎರಡು ಸಲ ಕೇಳಿದ್ದಳು. ನಾನು ಕೊಡಲಿಲ್ಲ.