ಅಕ್ಕನಿಗೆ ಹಿಡಿದ ಗಾಳಿ

ನಮ್ಮ ಹುನಗುಂದದ ಕಡೆ ಗಾಳಿ ಎಂದರೆ ಎರಡು. ಒಂದು ಬೀಸುವುದು, ಇನ್ನೊಂದು ಹಿಡಿಯುವುದು. ಕಾಲೇಜಿನಲ್ಲಿ ಕನ್ನಡ ಕಲಿಸುವ ನಾನು ನಾನಾರ್ಥ ಪದಗಳಿಗೆ ಇದನ್ನೇ ಉದಾಹರಣೆ ಕೊಡುತ್ತಿದ್ದೆ. ದೆವ್ವದ ಮಾತು ಬಂದರೆ ಹುಡುಗರಿಗೆ ಖುಷಿ. ಅಕ್ಕನ ವಿಷಯ ಶುರುವಾದ ಮೇಲೆ ಆ ಉದಾಹರಣೆ ಬಿಟ್ಟುಬಿಟ್ಟೆ.

ಅಕ್ಕನನ್ನು ಕೊಟ್ಟ ಊರು ಎರೆಭೂಮಿಯ ನಟ್ಟನಡುವೆ ಇದೆ. ಸುತ್ತ ಒಂದು ಗುಡ್ಡವಿಲ್ಲ. ಕಾರಹುಣ್ಣಿಮೆ ಮುಗಿಯಿತೆಂದರೆ ಪಡುವಣ ಗಾಳಿ ಏಳುತ್ತದೆ, ಪಂಚಮಿಯವರೆಗೂ ಬಿಡುವುದಿಲ್ಲ. ಮೋಡಗಳು ತಲೆಯ ಮೇಲೆ ಓಡಿಹೋಗುತ್ತವೆ, ಹನಿಯೂ ಬೀಳುವುದಿಲ್ಲ. ಅವರ ಮನೆಯ ಪಡುವಣಕ್ಕೆ ದಾರಿಯ ಉದ್ದಕ್ಕೂ ದೊಡ್ಡ ಬೇವಿನ ಮರಗಳಿದ್ದವು. ರಸ್ತೆ ಅಗಲ ಮಾಡುವಾಗ ಅವನ್ನು ಕಡಿದರು. ರಸ್ತೆ ಚೆನ್ನಾಗಿಯೇ ಆಯಿತು, ಸುಳ್ಳು ಯಾಕೆ ಹೇಳಲಿ, ಬಸ್ಸು ಈಗ ಬೇಗ ಮುಟ್ಟುತ್ತದೆ. ಆದರೆ ಆ ವರ್ಷದಿಂದ ಗಾಳಿಯೂ ನೇರ ಅಕ್ಕನ ಅಡುಗೆಮನೆಗೆ ಮುಟ್ಟಿತು. ಒಲೆ ಆರುವುದು, ಹಿಟ್ಟು ಹಾರುವುದು, ದನದ ಕೊಟ್ಟಿಗೆಯ ತಗಡು ದಿನವಿಡೀ ಬಡಿದುಕೊಳ್ಳುವುದು.

ಮಾತಿನ ಮಲ್ಲಿ ನಮ್ಮಕ್ಕ. ಅವಳು ಮಾತು ಕಡಿಮೆ ಮಾಡಿದಳು. ಸಾರಿಗೆ ಎರಡೆರಡು ಸಲ ಉಪ್ಪು ಹಾಕತೊಡಗಿದಳು. ಮಧ್ಯಾಹ್ನ ಕಾಳಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದಳು. ಒಂದು ದಿನ ತಾನಾಗಿಯೇ ಅತ್ತೆಗೆ ಹೇಳಿದಳು:

"ಅತ್ತಿ, ನನಗ ಗಾಳಿ ಭಾಳ ಕಾಡಾಕತ್ತೈತಿ."

ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ಯಾವ ಗಾಳಿ ಯವ್ವಾ? ಎಲ್ಲಿ ಬಡೀತು?"

ಮುಗಿಯಿತು. ಲಿಂಬೆಹಣ್ಣು ಇಳಿಸಿದರು, ದಾರ ಕಟ್ಟಿಸಿದರು, ಅಮಾವಾಸ್ಯೆಗೊಂದು ಗುಡಿಗೆ ಕರೆದೊಯ್ದರು. ಅತ್ತೆ ಕೆಟ್ಟವರಲ್ಲ, ಸೊಸೆಯ ಸಲುವಾಗಿ ತಾವೂ ಉಪವಾಸ ಇದ್ದರು. ಅಕ್ಕ ಹೇಳಿದ್ದು ಬೀಸುವ ಗಾಳಿಯನ್ನು ಎಂದು ನಾನು ಬಿಡಿಸಿ ಹೇಳಿದೆ. ಅವರು ನನ್ನ ಮುಖ ನೋಡಿದರು. "ಆ ಗಾಳಿ ಎಲ್ಲಾರಿಗೂ ಬೀಸ್ತೈತಲ್ಲವಾ," ಎಂದರು.

ಬಾಗಲಕೋಟೆಯ ಮನಸ್ಸಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. "ಗಾಳಿ ಅಂದ್ರ ಅಂಜಿಕಿ ಏನ್ರಿ?" ಎಂದು ಅವರು ಸಮಾಧಾನದಿಂದ ಕೇಳಿದರು.

"ಅಂಜಿಕಿ ಅಲ್ಲರಿ," ಎಂದಳು ಅಕ್ಕ. "ಅದು ನನಗ ಒಂದು ವಿಚಾರ ಪೂರಾ ಮಾಡಾಕ ಬಿಡಂಗಿಲ್ಲ. ಮನಸ್ನ್ಯಾಗ ಏನರ ಹಿಡದ್ನಿ ಅಂದ್ರ ಕಸಗೊಂಡು ಹೋಗ್ತೈತಿ."

ಗುಳಿಗೆ ಕೊಟ್ಟರು. ಅಕ್ಕ ನಿದ್ದೆ ಮಾಡಿದಳು. ಎಚ್ಚರಾದಾಗ ಗಾಳಿ ಅಲ್ಲೇ ಇತ್ತು.

ಮರುವರ್ಷ ಆಷಾಢಕ್ಕೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುವ ನನ್ನ ಮನೆಗೆ ಕರೆತಂದೆ. ಸುತ್ತ ಮನೆಗಳು ಒತ್ತೊತ್ತಾಗಿರುವುದರಿಂದ ಗಾಳಿಯ ಹಾವಳಿ ಕಡಿಮೆ. ಅಕ್ಕ ಫ್ಯಾನು ಮಾತ್ರ ಹಾಕಗೊಡಲಿಲ್ಲ. ಇಬ್ಬರೂ ಬೆವರಿನಲ್ಲಿ ತೊಯ್ದು ಕೂತೆವು. ಒಂದು ವಾರ ಕಳೆದಿರಬೇಕು, ಊಟಕ್ಕೆ ಕೂತವಳು ನಾನು ಬಡಿದ ರೊಟ್ಟಿ ಎತ್ತಿ ಹಿಡಿದು, "ಇದು ರೊಟ್ಟಿ ಏನ ಹಪ್ಪಳ ಏನ ಲೇ?" ಎಂದಳು. ನನಗೆ ಅಳು ಬಂತು. ಅಕ್ಕ ಮರಳಿ ಬಂದಿದ್ದಳು.

ಆದರೆ ಎಮ್ಮೆ ಈದಿತು, ಬೇರೆಯವರ ಕೈಗೆ ಹಾಲು ಕೊಡಲೊಲ್ಲದು ಎಂದು ಅಕ್ಕನ ಗಂಡ, ನನ್ನ ಮಾವ, ಬಂದರು. ಮೆತ್ತನೆಯ ಮನುಷ್ಯ, ಬಾಗಿಲಲ್ಲಿ ತಲೆ ತಗ್ಗಿಸಿ ನಿಂತರು. ನಾನು ಜಗಳ ತೆಗೆದೆ. ಅಕ್ಕ ಆಗಲೇ ಸೀರೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು.

"ಗಾಳಿ ಬೀಸ್ತೈತಂತ ಮನಿ ಬಿಡಾಕ ಬರ್ತೈತೇನ?" ಎಂದಳು.

ಮಾವ ರಸ್ತೆಯ ಪಕ್ಕದಲ್ಲಿ ಬೇವಿನ ಸಸಿ ಹಚ್ಚಿದ್ದಾರೆ, ಸುತ್ತ ಮುಳ್ಳು ಕಟ್ಟಿದ್ದಾರೆ. ಹೋದಾಗಲೆಲ್ಲ ನೋಡುತ್ತೇನೆ. ಒಂದಷ್ಟು ಮುರಿದಿವೆ, ಉಳಿದವು ಮೂಡಣಕ್ಕೆ ಬಾಗಿಕೊಂಡು ನನ್ನ ಮೊಣಕಾಲಿನಷ್ಟು ಬೆಳೆದಿವೆ. ಅವು ಮರವಾಗುವ ಹೊತ್ತಿಗೆ ಅಕ್ಕ ಮುದುಕಿಯಾಗಿರುತ್ತಾಳೆ. ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ಕೇಳಬೇಡಿ.

ಈ ಸಲದ ಆಷಾಢದಲ್ಲಿ ಕರೆದರೆ ಅಕ್ಕ ಬರಲೇ ಇಲ್ಲ. ಮೊನ್ನೆ ಫೋನು ಮಾಡಿದೆ. ಹೇಗಿದ್ದೀ ಎಂದೆ. ಅವಳು ಏನೋ ಹೇಳಿದಳು. ಆ ಕಡೆ ಗಾಳಿ ಭೋರ್ ಎಂದು ಮೊರೆಯುತ್ತಿತ್ತು, ಅವಳ ಒಂದು ಮಾತೂ ನನಗೆ ತಿಳಿಯಲಿಲ್ಲ.

"ಏನಂದೀ ಅಕ್ಕಾ? ಕೇಳಸವಲ್ದು!"

"ಗಾಳಿ ನಿಂತೈತಿ ಅಂದ್ನಿ," ಎಂದು ಅಕ್ಕ ಕೂಗಿ ಹೇಳಿದಳು. "ಈ ಸಲ ಗಾಳೀನ ಇಲ್ಲ. ನೀ ಕಾಳಜಿ ಮಾಡಬ್ಯಾಡ."

ನನ್ನನ್ನು ಸಮಾಧಾನ ಮಾಡಲು ಸುಳ್ಳು ಹೇಳಿದಳೋ, ಅವಳಿಗೆ ಅದು ಕೇಳಿಸುವುದೇ ನಿಂತುಹೋಗಿದೆಯೋ, ಗೊತ್ತಾಗಲಿಲ್ಲ.

"ಛಲೋ ಆತು ಬಿಡಕ್ಕಾ," ಎಂದು ನಾನೂ ಕೂಗಿದೆ.