ಅಂಜನೇರಿಯಲ್ಲಿ ನಾನು ಓಗೊಡದ ಕೂಗು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವಳು ನಾನೇ. ಬ್ಯಾಂಕಿನಲ್ಲಿ ಊಟದ ಬಿಡುವಿನಲ್ಲಿ ಸಹೋದ್ಯೋಗಿಗಳು ದೆವ್ವದ ಕಥೆ ತೆಗೆದರೆ, "ಆ ದೆವ್ವಕ್ಕ ಒಂದು ಫಾರ್ಮ್ ತುಂಬಿ ತಗೊಂಡು ಬಾ ಅನ್ರಿ, ಆಮ್ಯಾಲೆ ನೋಡೋಣು" ಎಂದು ಕೀಟಲೆ ಮಾಡುತ್ತಿದ್ದೆ. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ, ಓದಿದವರು ಏನು ಬೇಕಾದರೂ ಅಂದುಕೊಳ್ಳಲಿ.

ನಾವು ಗಂಗಾವತಿ ಕಡೆಯವರು, ಮೂವರು ಒಡಹುಟ್ಟಿದವರು. ಅಣ್ಣ ಸಿನ್ನರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ನೆಲೆ ನಿಂತ. ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ಛತ್ರಪತಿ ಸಂಭಾಜಿನಗರಕ್ಕೆ ಬಂದೆ. ಆಗಿನ್ನೂ ಅದನ್ನು ಔರಂಗಾಬಾದ್ ಎನ್ನುತ್ತಿದ್ದೆವು. ಮನೆ ಮಾಡಿದ್ದು ಚಿಕಲಠಾಣಾದಲ್ಲಿ. ತಂಗಿ ವಿಜಿ ಊರಲ್ಲೇ ಉಳಿದಳು. ಅವ್ವ ತೀರಿಕೊಂಡ ಮೇಲೆ ಮೂವರೂ ಒಂದು ಪಂಕ್ತಿಯಲ್ಲಿ ಕೂತು ಉಂಡದ್ದೇ ಇರಲಿಲ್ಲ. ಫೋನಿನಲ್ಲಿ "ಬರ್ರಿ, ಬರ್ರಿ" ಎನ್ನುವುದು, ಇಟ್ಟುಬಿಡುವುದು, ಅಷ್ಟೇ ಆಗಿತ್ತು.

ಎಂಟು ವರ್ಷದ ಹಿಂದೆ ಅಣ್ಣ ನಿವೃತ್ತನಾದ. ಶ್ರಾವಣದಲ್ಲಿ ಎಲ್ಲರೂ ಸೇರಲೇಬೇಕು, ಬೆಟ್ಟ ಹತ್ತಲೇಬೇಕು ಎಂದು ಹಟ ಹಿಡಿದ. "ಕಾಲಾಗ ಶಕ್ತಿ ಇದ್ದಾಗ ಹತ್ತೋಣು, ಆಮ್ಯಾಲೆ ಫೋಟೋದಾಗ ನೋಡೋದು ಇದ್ದ ಅದ" ಎಂದ. ವಿಜಿ ಊರಿನಿಂದ ಬಂದಳು. ಅಣ್ಣ, ನಾವು ವೈನಿ ಎಂದು ಕರೆಯುವ ಅತ್ತಿಗೆ, ಅವರ ಮಗಳು ಮಧುರಾ ಸಿನ್ನರಿನಿಂದ ನಮ್ಮ ಮನೆಗೆ ಬಂದರು. ಮೊದಲು ದೌಲತಾಬಾದ್ ಕೋಟೆ ಹತ್ತಿದೆವು. ಅಲ್ಲಿನ ಮೆಟ್ಟಿಲುಗಳು ನನ್ನ ಮೊಣಕಾಲಿನ ಗ್ರಹಚಾರ ಬಿಡಿಸಿದವು. ಮರುದಿನ ಕಾರಿನಲ್ಲಿ ನಾಸಿಕದ ಕಡೆ ಹೊರಟೆವು. ದಾರಿಯುದ್ದಕ್ಕೂ ನಗೆಯೋ ನಗೆ. ನಿಫಾಡ್ ದಾಟುವಾಗ ಅಣ್ಣ ದ್ರಾಕ್ಷಿ ತೋಟಗಳನ್ನು ತೋರಿಸುತ್ತ, ಬೇಸಿಗೆಗೆ ಮತ್ತೆ ಬರ್ರಿ, ತಿಂದು ಸಾಕಾಗುವಷ್ಟು ತಿನ್ನಿಸ್ತೀನಿ ಎಂದ. ನಾವು ಹ್ಞೂಂ ಅಂದೆವು.

ಮೂರನೆಯ ದಿನ ಬೆಳಿಗ್ಗೆ ಅಂಜನೇರಿ ಬೆಟ್ಟ. ಹನುಮಂತ ಹುಟ್ಟಿದ್ದು ಅಲ್ಲೇ ಎಂದು ಆ ಕಡೆಯವರ ನಂಬಿಕೆ. ನಮ್ಮ ಗಂಗಾವತಿಯವರ ಮುಂದೆ ಈ ಮಾತು ನಡೆದೀತೇ? ಅಣ್ಣ ಮೆಟ್ಟಿಲು ಹತ್ತುತ್ತಲೇ ನನ್ನ ಕಡೆ ಕೈ ಮಾಡಿ ಮಧುರಾಗೆ ಹೇಳತೊಡಗಿದ. "ಹನುಮಪ್ಪ ಹುಟ್ಟಿದ್ದು ನಮ್ಮ ಅಂಜನಾದ್ರಿ ಮ್ಯಾಲೆ. ಇಲ್ಲಿಗೆ ಬರೇ ಬದ್ಲಿ ಆಗಿ ಬಂದಿದ್ದ, ನಿಮ್ಮ ಅತ್ಯಾ ಬಂದಂಗ." ಮಧುರಾ ಸುತ್ತ ನೋಡಿ, "ಬಾಬಾ, ಹಳೂ ಬೋಲಾ, ಲೋಕ ಐಕತಾತ್" ಎಂದು ಗದರಿದಳು. ಮೆಲ್ಲಗೆ ಮಾತಾಡಿ, ಜನ ಕೇಳಿಸಿಕೊಳ್ಳುತ್ತಾರೆ ಎಂದು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ಮರಾಠಿ.

ಇಲ್ಲಿ ನಮ್ಮ ಮನೆಯ ಒಂದು ರೂಢಿಯನ್ನು ಹೇಳಬೇಕು. ಗುಡ್ಡದಲ್ಲಾಗಲಿ, ಹೊಳೆಯ ದಂಡೆಯಲ್ಲಾಗಲಿ, ಕಣ್ಣಿಗೆ ಕಾಣದವರು ಹೆಸರು ಹಿಡಿದು ಕೂಗಿದರೆ ಮೊದಲ ಕೂಗಿಗೆ ಓ ಎನ್ನಬಾರದು. "ಮನಷ್ಯಾರಾದ್ರ ಮೂರು ಸಲ ಕರೀತಾರ. ಒಂದ ಸಲ ಕರದು ಸುಮ್ಮನಾಗೂದು ಮನಷ್ಯಾರಲ್ಲ" ಎನ್ನುತ್ತಿದ್ದಳು ಅವ್ವ. ಹಾಗಾಗಿ ಕರೆಯುವವರು ಮೂರು ಸಲ ಕರೆಯಬೇಕು, ಓಗೊಡುವವರು ಮೂರನೆಯದಕ್ಕೆ ಓಗೊಡಬೇಕು. ನಾವ್ಯಾರೂ ಇದನ್ನು ನಂಬಿದ್ದೆವು ಎಂದಲ್ಲ. ಹೊಸ್ತಿಲು ತುಳಿಯದೆ ದಾಟುತ್ತೇವಲ್ಲ, ಹಾಗೆ ಮೈಗೆ ಹತ್ತಿಬಿಟ್ಟಿತ್ತು.

ಬಂಡೆಗಳ ನಡುವಿನ ಮೆಟ್ಟಿಲು ಮುಗಿದರೆ ಮೇಲೆ ವಿಶಾಲವಾದ ಬಯಲು, ಅಲ್ಲೊಂದು ದೇವಿಯ ಗುಡಿ, ಆಚೆ ಕೆರೆ. ಅಲ್ಲಿಂದ ತುದಿಗೆ ಮತ್ತೊಂದು ಏರು. ಬಯಲು ಮುಟ್ಟುವ ಹೊತ್ತಿಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಗುಡಿಯ ಬಾಗಿಲಲ್ಲಿ ನಿಂತವರಿಗೆ ಹತ್ತು ಹೆಜ್ಜೆ ಆಚೆಯವರು ಕಾಣುತ್ತಿರಲಿಲ್ಲ. ಜಿನುಗು ಮಳೆ ಬೇರೆ. ನನ್ನ ಮೊಣಕಾಲು ಮುಷ್ಕರ ಹೂಡಿತ್ತು. ನೀವು ಹೋಗಿ ಬನ್ನಿ, ನಾನು ಇಲ್ಲೇ ಗುಡಿಯ ಕಟ್ಟೆಯ ಮೇಲೆ ಕೂತಿರುತ್ತೇನೆ ಎಂದೆ. ಅವರ ದನಿಗಳು ಸ್ವಲ್ಪ ಹೊತ್ತು ಕೇಳಿಸಿದವು, ಆಮೇಲೆ ಗಾಳಿಯೊಂದೇ.

ಮುಕ್ಕಾಲು ಗಂಟೆ ಕಳೆದಿರಬೇಕು. ಬಲಗಡೆಯ ಮಂಜಿನೊಳಗಿನಿಂದ "ಸುಮೀ" ಎಂದು ಅಣ್ಣ ಕರೆದ. ಅಣ್ಣನದೇ ದನಿ, ಅನುಮಾನವಿಲ್ಲ. ಓ ಎನ್ನಲು ಉಸಿರು ತೆಗೆದುಕೊಂಡೆ. ತೆಗೆದುಕೊಂಡವಳು ತಡೆದೆ. ಎರಡನೆಯದು ಬರಲಿ ಎಂದು ಕಿವಿಗೊಟ್ಟು ಕೂತೆ. ಬರಲಿಲ್ಲ. ಅವರಿನ್ನೂ ತುದಿಯ ಹತ್ತಿರ ಇರುವ ಹೊತ್ತು, ಅಣ್ಣ ಇಲ್ಲಿಗೆ ಹೇಗೆ ಬಂದಾನು, ಗಾಳಿಗೆ ಏನೋ ಕೇಳಿಸಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಡಬ್ಬಿ ತೆಗೆದು ಚುರುಮುರಿ ತಿಂದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ತಿಂದದ್ದು ನಿಜ.

ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ವೈನಿ, ವಿಜಿ, ಮಧುರಾ ಇಳಿದು ಬಂದರು. ವೈನಿ ಬಂದವರೇ, "ಇವರೆಲ್ಲಿ?" ಎಂದರು. ಅಣ್ಣ ಅರ್ಧ ಏರಿನಿಂದಲೇ ಹಿಂದಿರುಗಿದ್ದನಂತೆ. ಸುಮಿ ಒಬ್ಬಾಕೇ ಕೂತಾಳ, ನಾನು ಆಕೀ ಕಡೆ ಹೋಗ್ತೀನಿ, ನೀವು ನೋಡಿಕೊಂಡು ಬರ್ರಿ ಎಂದು. ಅವನ ಫೋನು ಮಳೆಗೆ ನೆನೆಯಬಾರದೆಂದು ವೈನಿಯ ಚೀಲದ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು.

ಮುಂದಿನ ಮೂರು ತಾಸುಗಳನ್ನು ವಿವರಿಸಲಾರೆ. ಮಧುರಾ ಕೆಳಗೋಡಿ ಊರಿನವರನ್ನು ಕರೆತಂದಳು. ಕಡೆಗೆ ದನ ಕಾಯುವ ಮುದುಕರೊಬ್ಬರಿಗೆ ಅವನು ಸಿಕ್ಕ. ಮಂಜಿನಲ್ಲಿ ಕಾಲುದಾರಿ ತಪ್ಪಿ, ನೀರು ಹರಿಯುವ ಕೊರಕಲಿಗೆ ಜಾರಿದ್ದ. ತೊಡೆಯ ಮೂಳೆ ಮುರಿದಿತ್ತು. ಅಷ್ಟೂ ಹೊತ್ತು ತಣ್ಣನೆಯ ನೀರಿನಲ್ಲಿ, ಕಡೆಕಡೆಗೆ ನಮ್ಮ ಕೂಗಿಗೆ ಓಗೊಡುವ ಎಚ್ಚರವೂ ಇಲ್ಲದೆ, ಬಿದ್ದುಕೊಂಡಿದ್ದ. ನಾನು ಕೂತಿದ್ದ ಕಟ್ಟೆಯಿಂದ ಆ ಜಾಗ ಇನ್ನೂರು ಹೆಜ್ಜೆಯೂ ಇರಲಿಲ್ಲ. ಮುಂದೆ ಎರಡು ಮೊಳ ತೆವಳಿದ್ದರೆ ಕಡಿದಾದ ಪ್ರಪಾತ, ಅಲ್ಲಾಡದೆ ಮಲಗಿದ್ದಕ್ಕೆ ಉಳಿದರು ಎಂದು ಆ ಮುದುಕರು ಮರಾಠಿಯಲ್ಲಿ ಹೇಳಿದರು.

ನಾಸಿಕದ ಆಸ್ಪತ್ರೆಯಲ್ಲಿ ಮೂಳೆಗೆ ಚಿಕಿತ್ಸೆಯಾಯಿತು, ಆದರೆ ಚಳಿ ಎದೆಗೆ ಇಳಿದಿತ್ತು. ಮೂರನೆಯ ದಿನ ನಾನೊಬ್ಬಳೇ ಪಕ್ಕದಲ್ಲಿದ್ದಾಗ ಅಣ್ಣ ಕೇಳಿದ. "ಬಂದೆ ಬಂದೆ ಅಂದಾಕಿ ಯಾಕ ಬರಲಿಲ್ಲ ಸುಮಿ?"

ಜ್ವರದ ಮಾತು ಎಂದುಕೊಂಡೆ. ಅವನು ನಿಧಾನವಾಗಿ, ಸ್ಪಷ್ಟವಾಗಿ ಹೇಳಿದ. "ಬಿದ್ದ ಕೂಡಲೇ ಕರದೆ. ಮೂರು ಸಲ ಕರದೆ. ಒಂದನೇದಕ್ಕ ನೀ ಓ ಅಂದಿ. ಅವ್ವನ ಮಾತು ಮರತಾಳ ನೋಡು ಅಂತ ನಗು ಬಂತು. ಎರಡನೇದಕ್ಕೂ ಅಂದಿ. ಮೂರನೇದಕ್ಕ, 'ಬಂದೆ ಅಣ್ಣಾ, ಅಲ್ಲೇ ಇರು' ಅಂದಿ. ನೀ ಬರ್ತಿ ಅಂತ ನಾ ಮತ್ತ ಕೂಗಲಿಲ್ಲ, ಅಲ್ಲಾಡಲೂ ಇಲ್ಲ."

ನಾನು ನಿಜ ಹೇಳಿಬಿಟ್ಟೆ. ಒಂದೇ ಕೂಗು ಕೇಳಿಸಿತು, ಅದಕ್ಕೆ ಓಗೊಡಲಿಲ್ಲ ಎಂದೆ. ಹೇಳಬಾರದಿತ್ತು. ಅಣ್ಣನ ಮುಖ ಬಿಳಿಚಿತು. ಬಾಲ್ಯದಿಂದ ನೋಡಿದ ಆ ಮುಖದಲ್ಲಿ ಹೆದರಿಕೆ ಕಂಡದ್ದು ಅದೇ ಮೊದಲು. "ಹಂಗಾದ್ರ ಓ ಅಂದಾವರು ಯಾರು?" ಎಂದ. ಅಂದಿನಿಂದ ಅವನು ನಿದ್ದೆಗೆಟ್ಟ. ನರ್ಸ್ ಹೆಸರು ಹಿಡಿದು ಕರೆದರೆ ಓಗೊಡುತ್ತಿರಲಿಲ್ಲ, ಬಾಗಿಲನ್ನೇ ನೋಡುತ್ತಿದ್ದ. ಕಣ್ಣು ಮುಚ್ಚಿದರೆ ಬೆಚ್ಚಿ ಎದ್ದು ನನ್ನ ಸೆರಗು ಹಿಡಿಯುತ್ತಿದ್ದ. ನನ್ನನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ್ದ ಅಣ್ಣ ಇವನು.

ಆರನೆಯ ದಿನ ಉಸಿರಾಟ ಹದಗೆಟ್ಟಿತು. ಇನ್ನು ಹೆಚ್ಚು ಹೊತ್ತಿಲ್ಲ ಎಂದು ಡಾಕ್ಟರು ಹೇಳಿದ್ದರು. ಸಂಜೆ ನನ್ನ ಕೈ ಹಿಡಿದು, "ಖರೇ ಹೇಳು, ಓ ಅಂದಾಕಿ ನೀನ ಹೌದಿಲ್ಲೋ?" ಎಂದ. ಬೇಡಿಕೊಳ್ಳುವ ದನಿ ಅದು.

"ಹೌದಣ್ಣಾ, ನಾನೇ" ಎಂದೆ. "ಮಂಜಿನಾಗ ದಾರಿ ತಪ್ಪಿತು, ಹೊಳ್ಳಿ ಬಂದು ಕೂತೆ. ನೀ ಬೈತಿ ಅಂತ ಸುಳ್ಳು ಹೇಳಿದ್ದೆ."

ಅಣ್ಣ ನನ್ನನ್ನು ನೋಡಿದ. ಮುಖ ಸಡಿಲವಾಯಿತು. "ಹುಚ್ಚಿ, ಅಷ್ಟಕ್ಕ ಯಾರರ ಸುಳ್ಳು ಹೇಳ್ತಾರೇನು" ಎಂದು ಕಣ್ಣು ಮುಚ್ಚಿದ. ನಾಲ್ಕು ದಿನದಲ್ಲಿ ಮೊದಲ ಸಲ ನೆಮ್ಮದಿಯಾಗಿ ಮಲಗಿದ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟ.

ಪರದೆಯ ಆಚೆ ವೈನಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಕಾರ್ಯಗಳೆಲ್ಲ ಮುಗಿದ ದಿನ, "ಓ ಅಂದು ಹೋಗಲಿಲ್ಲಲ್ರೀ ನೀವು" ಎಂದರು. ಅವರು ನನ್ನ ಸಂಗಡ ಆಡಿದ ಕೊನೆಯ ಮಾತು ಅದೇ. ಮಧುರಾಳ ಮದುವೆಯ ಸುದ್ದಿ ನನಗೆ ವಿಜಿಯ ಬಾಯಿಂದ ಗೊತ್ತಾಯಿತು. ಸಿನ್ನರಿನ ಆ ಮನೆಯ ಹೊಸ್ತಿಲನ್ನು ನಾನು ಮತ್ತೆ ತುಳಿದಿಲ್ಲ.

ವಿಜಿಗೆ, ಡಾಕ್ಟರಾದ ಗೆಳತಿಯೊಬ್ಬಳಿಗೆ ಮಾತ್ರ ನಿಜ ಹೇಳಿದ್ದೇನೆ. ಅವ್ವನೇ ಓಗೊಟ್ಟಿರಬೇಕು, ಪ್ರಪಾತದ ಕಡೆ ಹೋಗದಂತೆ ತಡೆದಿರಬೇಕು ಎನ್ನುತ್ತಾಳೆ ವಿಜಿ. ಹಾಗಿದ್ದರೆ ಇನ್ನೂರು ಹೆಜ್ಜೆ ದೂರದಲ್ಲಿದ್ದ ನನ್ನನ್ನು ಅವ್ವ ಏಕೆ ಎಬ್ಬಿಸಲಿಲ್ಲ? ಪೆಟ್ಟು ಬಿದ್ದು, ಚಳಿ ಹಿಡಿದವನಿಗೆ ಭ್ರಮೆಯಾಗಿರಬಹುದು ಎಂದು ಆ ಗೆಳತಿ ಹೇಳಿದಳು. ಇರಬಹುದು. ಆದರೆ ಮೂರು ಸಲ ಕರೆದವನ ಒಂದೇ ಕೂಗು ನನಗೆ ಕೇಳಿಸಿತು, ಉಳಿದೆರಡು ಎಲ್ಲಿ ಹೋದವು? ಆ ದನಿ ಅಣ್ಣನನ್ನು ಉಳಿಸಲು ಬಂದದ್ದೋ, ಕೊಲ್ಲಲು ಬಂದದ್ದೋ ಎಂಬುದೂ ನನಗೆ ತಿಳಿಯದು.

ಇಷ್ಟು ವರ್ಷ ಬೇರೆ ಯಾರ ಮುಂದೆಯೂ ಬಾಯಿ ಬಿಡದವಳು ಈಗ ಬರೆಯುವುದಕ್ಕೆ ಕಾರಣವಿದೆ. ವೈನಿ ಓದಿ ನಂಬುತ್ತಾರೆಂಬ ಆಸೆಯಿಂದಲ್ಲ. ಈಚೆಗೆ ಆ ದಿನವನ್ನು ನೆನೆದರೆ ಕಟ್ಟೆಯ ಮೇಲೆ ಕೂತ ನಾನು ಬಾಯಿ ತೆರೆಯುವುದು ಕಾಣಿಸುತ್ತದೆ, "ಬಂದೆ ಅಣ್ಣಾ, ಅಲ್ಲೇ ಇರು" ಎಂಬುದು ನನ್ನದೇ ದನಿಯಲ್ಲಿ ಕೇಳಿಸುತ್ತದೆ. ನಾನು ಓಗೊಡಲಿಲ್ಲ. ಇವತ್ತಿಗೆ ಅದು ನನಗೆ ಖಚಿತವಾಗಿ ಗೊತ್ತು. ಇನ್ನೆರಡು ವರ್ಷ ಕಳೆದರೆ ಗೊತ್ತಿರುತ್ತದೋ ಇಲ್ಲವೋ ಹೇಳಲಾರೆ.